ಹೊಸ ಲ್ಯಾಪ್‌ಟಾಪಿಗೆ ಡ್ರೈವರ್ ಅಳವಡಿಸುವ ಕ್ರಮ

ಉತಾರ ತೆಗೆಯುವುದು, ಬೆಳೆ ವಿಮೆಯ ಅರ್ಜಿ ನೋಡುವುದು, ಮಕ್ಕಳ ಕಾಲೇಜು ಅಭ್ಯಾಸ ಮುಂತಾದ ಕೆಲಸಗಳಿಗಾಗಿ ಕೊಗನೊಳ್ಳಿಯಂಥ ಗಡಿಭಾಗದ ಹಳ್ಳಿಗಳಲ್ಲಿಯೂ ಲ್ಯಾಪ್‌ಟಾಪ್ ಬೇಕಾಗುತ್ತಿದೆ. ನಿಪ್ಪಾಣಿ ಅಥವಾ ಕೊಲ್ಲಾಪುರದ ಪೇಟೆಯಲ್ಲಿ ಖರೀದಿಸುವಾಗ 'ಡಾಸ್' ಎಂದು ಬರೆದ ಯಂತ್ರದ ಬೆಲೆ ಕಡಿಮೆ ಇರುತ್ತದೆ. ಅದರಲ್ಲಿ ವಿಂಡೋಸ್ ಇರುವುದಿಲ್ಲವೆಂಬುದೇ ಇದಕ್ಕೆ ಕಾರಣ. ಅದನ್ನು ನೀವೇ ಹಾಕಿಕೊಳ್ಳಬೇಕು.

ಡ್ರೈವರ್ ಎಂದರೇನು?

ಎತ್ತು ಗಟ್ಟಿಯಾಗಿದ್ದು ಕೂರಿಗೆ ಚೆನ್ನಾಗಿದ್ದರೂ ನೊಗವಿಲ್ಲದೆ ಬಿತ್ತನೆ ಆಗದು. ವಿಂಡೋಸ್ ಮತ್ತು ಯಂತ್ರದ ಭಾಗಗಳನ್ನು ಹಾಗೆಯೇ ಜೋಡಿಸುವ ಚಿಕ್ಕ ತಂತ್ರಾಂಶವೇ ಡ್ರೈವರ್. ವೈ-ಫೈ, ಧ್ವನಿ, ಪರದೆ, ಟಚ್‌ಪ್ಯಾಡ್ ಪ್ರತಿಯೊಂದಕ್ಕೂ ಡ್ರೈವರ್ ಬೇಕು.

ಪೂರ್ವಸಿದ್ಧತೆ

ಯಂತ್ರದ ತಳಭಾಗದಲ್ಲಿರುವ ಮಾಡೆಲ್ ಸಂಖ್ಯೆಯನ್ನು ಬರೆದುಕೊಳ್ಳಿ. ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ತೆಗೆದುಕೊಂಡು, ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಜಾಲತಾಣದಿಂದ ವಿಂಡೋಸ್ 11 ಅನ್ನು ಅದಕ್ಕೆ ಇಳಿಸಿಕೊಳ್ಳಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಯಂತ್ರಕ್ಕೆ ಅದು ಸೂಕ್ತವಲ್ಲ.

ಇಲ್ಲೊಂದು ತೊಡಕುಂಟು. ವೈ-ಫೈ ಡ್ರೈವರ್ ತರಲು ಇಂಟರ್ನೆಟ್ ಬೇಕು. ಇಂಟರ್ನೆಟ್ ಬರಲು ವೈ-ಫೈ ಡ್ರೈವರ್ ಬೇಕು. ಆದ್ದರಿಂದ ಯಂತ್ರ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಸಂಖ್ಯೆ ಹಾಕಿ, ವೈ-ಫೈ ಮತ್ತು ಡಿಸ್ಕ್ ಡ್ರೈವರುಗಳನ್ನು ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಉತ್ತಮ. ಆಂಡ್ರಾಯ್ಡ್ ಫೋನನ್ನು ಕೇಬಲಿನಿಂದ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಚಾಲೂ ಮಾಡಿದರೂ ಸಾಮಾನ್ಯವಾಗಿ ಇಂಟರ್ನೆಟ್ ದೊರೆಯುತ್ತದೆ.

ಅಳವಡಿಸುವ ಕ್ರಮ

1. ವಿಂಡೋಸ್ ಹಾಕುವಾಗ ಡಿಸ್ಕ್ ಕಾಣದಿದ್ದರೆ ಯಂತ್ರ ಕೆಟ್ಟಿದೆಯೆಂದು ತಿಳಿಯಬೇಡಿ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಹಲವು ಯಂತ್ರಗಳಲ್ಲಿ ಹೀಗಾಗುತ್ತದೆ. 'ಲೋಡ್ ಡ್ರೈವರ್' ಒತ್ತಿ, ಬಿಚ್ಚಿಟ್ಟ ಡಿಸ್ಕ್ ಡ್ರೈವರಿನ ಫೋಲ್ಡರನ್ನು ತೋರಿಸಿ.
2. ವಿಂಡೋಸ್ ಬಂದ ಮೇಲೆ 'ವಿಂಡೋಸ್ ಅಪ್‌ಡೇಟ್' ನಡೆಸಿ. ಹೆಚ್ಚಿನ ಡ್ರೈವರುಗಳು ತಾವಾಗಿಯೇ ಬರುತ್ತವೆ.
3. ಉಳಿದವುಗಳನ್ನು ಕಂಪನಿಯ ಜಾಲತಾಣದಿಂದ ಚಿಪ್‌ಸೆಟ್, ವೈ-ಫೈ, ಗ್ರಾಫಿಕ್ಸ್, ಧ್ವನಿ, ಟಚ್‌ಪ್ಯಾಡ್ ಈ ಅನುಕ್ರಮದಲ್ಲಿ ಹಾಕಿರಿ. ಕೇಳಿದಾಗಲೆಲ್ಲ ಯಂತ್ರವನ್ನು ಮರುಚಾಲನೆ ಮಾಡಿರಿ.
4. 'ಡಿವೈಸ್ ಮ್ಯಾನೇಜರ್' ತೆರೆದು ನೋಡಿರಿ. ಹಳದಿ ಗುರುತು ಇರುವ ಭಾಗಕ್ಕೆ ಡ್ರೈವರ್ ಇನ್ನೂ ಸರಿಯಾಗಿ ಕೂತಿಲ್ಲವೆಂದು ತಿಳಿಯಬೇಕು.

ಬಯಾಸ್ ಎಂಬುದು ಡ್ರೈವರ್ ಅಲ್ಲ. ಅದನ್ನು ಬದಲಿಸುವಾಗ ವಿದ್ಯುತ್ ಹೋದರೆ ಯಂತ್ರವೇ ನಿಂತುಹೋಗಬಹುದು. ಅಗತ್ಯವಿದ್ದರೆ ಮಾತ್ರ, ಬ್ಯಾಟರಿ ತುಂಬಿಸಿ, ಚಾರ್ಜರ್ ಜೋಡಿಸಿ ಮಾಡಿರಿ.

ಖರ್ಚಿಲ್ಲದ ದಾರಿ

ವಿಂಡೋಸಿಗೆ ಪರವಾನಗಿಯ ಬೆಲೆ ಉಂಟು. ಅದನ್ನೂ ಲೆಕ್ಕ ಹಿಡಿದರೆ 'ಡಾಸ್' ಯಂತ್ರ ನಿಜಕ್ಕೂ ಅಗ್ಗವೋ ಅಲ್ಲವೋ ತಿಳಿಯುತ್ತದೆ. ಹಣ ಉಳಿಸಬೇಕೆನ್ನುವವರು ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು. ಇವು ಉಚಿತ, ಬಹುತೇಕ ಡ್ರೈವರುಗಳು ಇವುಗಳ ಒಳಗೇ ಇರುತ್ತವೆ. ಎನ್‌ವಿಡಿಯಾ ಗ್ರಾಫಿಕ್ಸ್ ಮತ್ತು ಕೆಲವು ಬ್ರಾಡ್‌ಕಾಮ್ ವೈ-ಫೈಗಳಿಗೆ ಮಾತ್ರ ಪ್ರತ್ಯೇಕ ಡ್ರೈವರ್ ಹಾಕಬೇಕಾದೀತು. ಪೆನ್‌ಡ್ರೈವಿನಿಂದಲೇ ನಡೆಸಿ, ವೈ-ಫೈ ಮತ್ತು ಧ್ವನಿ ಪರೀಕ್ಷಿಸಿ, ಆಮೇಲೆ ಅಳವಡಿಸುವ ಅನುಕೂಲವೂ ಇದೆ.

ಎಚ್ಚರಿಕೆ

ಪುಕ್ಕಟೆ ವಿಂಡೋಸ್ ಹಾಕಿಕೊಡುವವರೂ, 'ಎಲ್ಲ ಡ್ರೈವರ್ ಒಂದೇ ಕಡೆ' ಎನ್ನುವ ಅಪರಿಚಿತ ಜಾಲತಾಣಗಳೂ ಬಹಳ. ಕದ್ದ ತಂತ್ರಾಂಶದ ಬೀಗ ಮುರಿಯುವ ಕಡತಗಳಲ್ಲಿ ಗುಪ್ತಪದ ಕದಿಯುವ ತಂತ್ರಾಂಶ ಅಡಗಿರುವುದುಂಟು. ಅದೇ ಯಂತ್ರದಲ್ಲಿ ನೀವು ಕಬ್ಬಿನ ಬಿಲ್ಲು ಜಮೆಯಾದ ಬ್ಯಾಂಕ್ ಖಾತೆಯನ್ನು ತೆರೆಯುತ್ತೀರಿ. ಚೀಟಿಯಿಲ್ಲದ ಚೀಲದ ಬೀಜವನ್ನು ಹೇಗೆ ಬಿತ್ತುವುದಿಲ್ಲವೋ, ಹಾಗೆಯೇ ಮೂಲ ತಿಳಿಯದ ಡ್ರೈವರನ್ನು ಹಾಕಬಾರದು. ಒಂದು ದಿನ ತಡವಾದರೂ ಸರಿ, ಕಂಪನಿಯ ಜಾಲತಾಣದಿಂದಲೇ ಪಡೆದುಕೊಳ್ಳಿರಿ.