ಬಳೆ ಕಟ್ಟಿದ ತೋಪು ಮತ್ತು ಪದರದ ಲೋಹ

ನರಗುಂದದ ಬಾಬಾಸಾಹೇಬನು 1858ರಲ್ಲಿ ಆಂಗ್ಲರನ್ನು ಎದುರಿಸಿದುದಕ್ಕೆ ದತ್ತಕದ ನಿರಾಕರಣೆಯೊಡನೆ ನಿಶ್ಶಸ್ತ್ರೀಕರಣವೂ ಕಾರಣವೆಂದು ನಾವು ಪಾಠ ಹೇಳುತ್ತೇವೆ. ಆದರೆ ತೋಪುಗಳನ್ನು ಮಾಡುತ್ತಿದ್ದ ಬಗೆಯನ್ನು ವಿವರಿಸುವುದಿಲ್ಲ. ರೋಣ, ಗಜೇಂದ್ರಗಡಗಳ ವಿದ್ಯಾರ್ಥಿಗಳು ಅದನ್ನು ವಿಜಯಪುರದಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿಯ ಮಲಿಕ್-ಇ-ಮೈದಾನ್ ಎರಕದ ತೋಪು. ಉಪ್ಲಿ ಬುರುಜಿನ ಮೇಲಿರುವ, ಸುಮಾರು 30 ಅಡಿ ಉದ್ದದ ಕಬ್ಬಿಣದ ತೋಪು ಹಾಗಲ್ಲ. ಕಬ್ಬಿಣದ ಸಲಾಕೆಗಳನ್ನು ಉದ್ದಕ್ಕೆ ಜೋಡಿಸಿ, ಅವುಗಳ ಮೇಲೆ ಬಳೆಗಳನ್ನು ತೊಡಿಸಿ ಅದನ್ನು ಕಟ್ಟಲಾಗಿದೆ. ಕಾಯಿಸಿ ತೊಡಿಸಿದ ಬಳೆಯು ಆರುತ್ತ ಕುಗ್ಗಿ ಸಲಾಕೆಗಳನ್ನು ಬಿಗಿಹಿಡಿಯುತ್ತದೆ. ಚಕ್ಕಡಿಯ ಗಾಲಿಗೆ ಹಳಿ ಹಾಕುವುದನ್ನು ಕಂಡವರಿಗೆ ಇದು ಹೊಸತಲ್ಲ! ಬೆಸುಗೆ ಬೇಕಾದೆಡೆ ಕಮ್ಮಾರನು ಬೆಳ್ಳಗೆ ಕಾದ ಲೋಹವನ್ನು ಬಡಿದು, ನಡುವಿನ ಕಿಟ್ಟವನ್ನು ಹೊರದೂಡುತ್ತಿದ್ದನು.

ಇಂದು ಲೋಹದ ತಂತಿಯನ್ನು ವಿದ್ಯುಚ್ಚಾಪದಿಂದ ಕರಗಿಸಿ, ಪದರದ ಮೇಲೆ ಪದರವಿಟ್ಟು ಯಂತ್ರಭಾಗಗಳನ್ನು ರಚಿಸುವ ವಿಧಾನವುಂಟು. ಇಲ್ಲಿ ಕುಗ್ಗುವಿಕೆಯೇ ತೊಡಕು: ಆರಿದ ಭಾಗವು ಬಾಗುತ್ತದೆ, ಅದರೊಳಗೆ ಎಳೆತವುಳಿಯುತ್ತದೆ, ಲೋಹದ ಹರಳುಗಳು ದಪ್ಪವಾಗುತ್ತವೆ. ಆದುದರಿಂದ ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪದರಗಳ ಮೇಲೆ ಉರುಳೆಯನ್ನು ಹಾಯಿಸಿ ಒತ್ತಿದರು. ಎಳೆತವು ತಗ್ಗಿತು, ಹರಳುಗಳು ಸಣ್ಣವಾದವು. ಕೂಡಿಸುವುದೂ ಒತ್ತುವುದೂ ಎರಡು ಕೆಲಸಗಳಲ್ಲವೆಂಬುದನ್ನು ಕುಲುಮೆಯು ಮೊದಲೇ ಬಲ್ಲದಾಗಿತ್ತೆಂದು ನಮ್ಮ ಅಭಿಪ್ರಾಯ; ಆದರೆ ಅಲ್ಲಿ ಲೋಹವು ಕರಗುತ್ತಿರಲಿಲ್ಲ, ಮೆತ್ತಗಾಗುತ್ತಿತ್ತಷ್ಟೆ.