ವಾರಕ್ಕೊಂದು ವೇಳಾಪಟ್ಟಿ, ಸೊಂಟಕ್ಕೊಂದು ಹದ್ದುಬಸ್ತು

ಬೆಳಿಗ್ಗೆ ಆರು ಗಂಟೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗಿ, ಬೆಂಗಳೂರಿನ ಲಾಲ್‌ಬಾಗ್‌ಗೆ ಹೋಗಿ, ನಡೆಯುವವರ ಸಾಲು ಕಾಣುತ್ತದೆ. ಅವರಲ್ಲಿ ಅನೇಕರ ದೂರು ಒಂದೇ: ‘ದಿನಾ ವಾಕಿಂಗ್ ಮಾಡ್ತೀನಿ, ತೂಕ ಮಾತ್ರ ಇಳೀತಾ ಇಲ್ಲ.’ ಈ ದೂರಿನಲ್ಲಿ ಸುಳ್ಳಿಲ್ಲ. ಆದರೆ ವರ್ಷಗಟ್ಟಲೆ ಅದೇ ದಾರಿ, ಅದೇ ವೇಗ, ನಡುನಡುವೆ ನಿಂತು ರಾಜಕೀಯದ ಹರಟೆ, ಕೊನೆಗೆ ದರ್ಶಿನಿಯಲ್ಲಿ ತಿಂಡಿ–ಕಾಫಿ. ಇಷ್ಟಕ್ಕೆ ಮೈ ಎಂದೋ ಒಗ್ಗಿಹೋಗಿರುತ್ತದೆ. ನಡಿಗೆ ಬೇಕೇ ಬೇಕು, ಅದೊಂದೇ ಸಾಲದು.

ಮೊದಲು ಲೆಕ್ಕ ನೋಡೋಣ. 65 ಕೆ.ಜಿ. ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 130 ಕ್ಯಾಲೊರಿ. ತುಪ್ಪ ಸುರಿದ ಒಂದು ಮಸಾಲೆ ದೋಸೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಇರುತ್ತದೆ. ಒಂದು ಕೆ.ಜಿ. ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲೊರಿ. ಅಂದರೆ ದಿನಕ್ಕೆ ಅರ್ಧ ಗಂಟೆ ನಡೆದು, ಊಟದಲ್ಲಿ ಒಂದು ತುತ್ತೂ ಹೆಚ್ಚಿಸದಿದ್ದರೆ, ಒಂದು ಕೆ.ಜಿ. ಇಳಿಯಲು ಎಂಟು ವಾರ ದಾಟುತ್ತದೆ. ತೂಕ ಇಳಿಸುವುದರಲ್ಲಿ ತಟ್ಟೆಯ ಪಾಲು ದೊಡ್ಡದು. ಇಳಿದ ತೂಕ ಮತ್ತೆ ಏರದಂತೆ ಹಿಡಿದಿಡುವುದು ವ್ಯಾಯಾಮದ ನಿಜವಾದ ಕೆಲಸ.

ದಿನವಲ್ಲ, ವಾರ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ದಿನದ ಲೆಕ್ಕ ಹೇಳುವುದಿಲ್ಲ, ವಾರದ ಲೆಕ್ಕ ಹೇಳುತ್ತದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಓಟದಂಥ ಕಠಿಣ ಶ್ರಮವಾದರೆ ಅದರ ಅರ್ಧ ಸಾಕು. ಇದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. 65 ದಾಟಿದವರು ಬೀಳದಂತೆ ಸಮತೋಲನ ಕಾಯ್ದುಕೊಳ್ಳುವ ಅಭ್ಯಾಸವನ್ನೂ ಮೂರು ದಿನ ಸೇರಿಸಿಕೊಳ್ಳಬೇಕು. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಮಾಡಬೇಕೆಂಬ ಹಳೆಯ ಷರತ್ತು ಈಗಿಲ್ಲ. ಕಚೇರಿಯ ಮೆಟ್ಟಿಲು ಹತ್ತಿದ್ದು, ಬಸ್ ನಿಲ್ದಾಣಕ್ಕೆ ಬಿರಬಿರನೆ ನಡೆದದ್ದು ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ.

ವಾರದ ಲೆಕ್ಕದಲ್ಲಿ ಒಂದು ಅನುಕೂಲವಿದೆ. ಮಂಗಳವಾರ ಮಳೆ ಬಂತು, ಬುಧವಾರ ಮನೆಗೆ ನೆಂಟರು ಬಂದರು ಎಂದು ವ್ರತಭಂಗವಾಗುವುದಿಲ್ಲ. ತಪ್ಪಿದ್ದನ್ನು ಶನಿವಾರ ತುಂಬಿಸಿಕೊಳ್ಳಬಹುದು.

ಮಧ್ಯಮ ಶ್ರಮ ಎಂದರೆ ಎಷ್ಟು? ನಡೆಯುತ್ತಾ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ವಾಚೂ ಬೇಡ, ಆ್ಯಪೂ ಬೇಡ.

ಮರೆತ ಗರಡಿ

ನಮ್ಮವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಬಲದ ವ್ಯಾಯಾಮವನ್ನು. ವಯಸ್ಸು ಮೂವತ್ತರಾಚೆಗೆ ಸರಿದಂತೆ ಸ್ನಾಯು ನಿಧಾನವಾಗಿ ಕರಗತೊಡಗುತ್ತದೆ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಮಧುಮೇಹ ಮನೆಮನೆಯ ಮಾತಾಗಿರುವ ನಮ್ಮಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಇದಕ್ಕೆ ದುಬಾರಿ ಜಿಮ್ ಬೇಕೆಂದೇನಿಲ್ಲ. ಗರಡಿ ಮನೆಯ ದಂಡ, ಬಸ್ಕಿಗಳಿಗೆ ಬೇಕಾದದ್ದು ಒಂದು ಚಾಪೆಯಷ್ಟು ಜಾಗ. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ನಾವು ಬಲ್ಲ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಜೊತೆಗೂಡಿಸಿ ಕಲಿಸಿದ ಅವರ ದಾರಿ ಇಂದಿಗೂ ಹಳತಾಗಿಲ್ಲ.

ಒಂದು ಮಾದರಿ ವಾರ

ಕುರ್ಚಿಯಲ್ಲಿ ಕೂತು ದುಡಿಯುವ ನಲವತ್ತರ ಆಸುಪಾಸಿನವರಿಗೆ ಹೀಗೊಂದು ಪಟ್ಟಿ ಹೊಂದಬಹುದು:

ಸೋಮವಾರ: 40 ನಿಮಿಷ ಬಿರುಸು ನಡಿಗೆ.

ಮಂಗಳವಾರ: 25 ನಿಮಿಷ ಬಲದ ವ್ಯಾಯಾಮ. ಬಸ್ಕಿ, ದಂಡ (ಕಷ್ಟವಾದರೆ ಗೋಡೆಗೆ ಕೈಯೂರಿ), ನೀರು ತುಂಬಿದ ಬಾಟಲಿ ಎತ್ತುವುದು. ಪ್ರತಿಯೊಂದೂ 10–12 ಸಲದಂತೆ ಎರಡು ಸುತ್ತು.

ಬುಧವಾರ: 40 ನಿಮಿಷ ನಡಿಗೆ. ನಡುವೆ ಐದಾರು ಸಲ ಒಂದೊಂದು ನಿಮಿಷ ಇನ್ನಷ್ಟು ವೇಗ.

ಗುರುವಾರ: ಮೈ ಸಡಿಲಿಸುವ ಯೋಗಾಸನ, ನಿಧಾನಗತಿಯ ಸೂರ್ಯನಮಸ್ಕಾರ.

ಶುಕ್ರವಾರ: ಮತ್ತೆ ಬಲದ ವ್ಯಾಯಾಮ.

ಶನಿವಾರ: 40 ನಿಮಿಷ ಸೈಕಲ್, ಈಜು ಅಥವಾ ಶಟಲ್.

ಭಾನುವಾರ: ಮನೆಮಂದಿಯೊಡನೆ ಒಂದು ಗಂಟೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ, ಮಂಗಳೂರಿನವರಿಗೆ ಕಡಲತೀರ.

ಒಟ್ಟು 180 ನಿಮಿಷ ಶ್ರಮ, ಎರಡು ದಿನ ಬಲ, ಒಂದು ದಿನ ಹಗುರ. ತೂಕ ಏರದಂತೆ ತಡೆಯಲು ವಾರಕ್ಕೆ 150ರಿಂದ 250 ನಿಮಿಷ ಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲೇ ಹೇಳಿದೆ. ಈ ಪಟ್ಟಿ ಆ ಅಂಕೆಯೊಳಗೇ ಇದೆ. ಹೊಸದಾಗಿ ಶುರುಮಾಡುವವರು ಇದರ ಅರ್ಧದಿಂದ ಆರಂಭಿಸಿ, ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಹೋದರೆ ಮೈಕೈ ನೋವಿಗೆ ಹೆದರಿ ಬಿಡುವ ಪ್ರಮೇಯ ಬರುವುದಿಲ್ಲ.

ಮಂಡಿನೋವಿದ್ದವರು ಬಸ್ಕಿಯ ಬದಲು ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಅಭ್ಯಾಸ ಮಾಡಲಿ. ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರು, ಇನ್ಸುಲಿನ್ ಪಡೆಯುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ತಕ್ಕಡಿಗಿಂತ ಟೇಪು

ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 23ಕ್ಕೇ ಎಚ್ಚರಿಕೆಯ ಗೆರೆ. ಐದಡಿ ಐದಿಂಚು ಎತ್ತರದವರಿಗೆ ಅದು ಸುಮಾರು 62–63 ಕೆ.ಜಿ. ಆದರೆ ನಮ್ಮ ಕೊಬ್ಬು ಹೊಟ್ಟೆಯ ಸುತ್ತ ಕೂರುವುದೇ ಹೆಚ್ಚು. ಹಾಗಾಗಿ ಸೊಂಟದ ಅಳತೆ ಹೆಚ್ಚು ನಂಬಿಕಸ್ಥ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ವ್ಯಾಯಾಮ ಶುರುವಾದ ಮೇಲೆ ತೂಕ ನಿಂತಲ್ಲೇ ನಿಂತರೂ ಸೊಂಟ ಇಳಿಯುತ್ತಿದ್ದರೆ ನೀವು ಸರಿದಾರಿಯಲ್ಲೇ ಇದ್ದೀರಿ.

ತೂಕ ವಾರಕ್ಕೊಮ್ಮೆ, ಸೊಂಟ ತಿಂಗಳಿಗೊಮ್ಮೆ ಅಳೆದರೆ ಸಾಕು. ಇವತ್ತೇ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಏಳು ದಿನದ ಎದುರು ಏನು, ಎಷ್ಟು ಹೊತ್ತು ಎಂದು ಬರೆದಿಡಿ. ಮಾಡಿದ್ದಕ್ಕೆ ಗುರುತು ಹಾಕಿ, ತಪ್ಪಿದ್ದನ್ನು ವಾರ ಮುಗಿಯುವುದರೊಳಗೆ ತೀರಿಸಿ.