ದ್ರವದ ಸಾಂದ್ರತೆಯನ್ನು ಒತ್ತಡ ಪ್ರವಣತೆಗೆ ಪರಿವರ್ತಿಸುವ ಕ್ರಮ

ಪೀಠಿಕೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳು ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಬಿನಿ ನದಿಗಳ ನೀರನ್ನು ಪಡೆಯುವ ಪ್ರದೇಶಗಳಾಗಿವೆ. ಆದರೂ ಕಾಲುವೆಯ ನೀರು ತಲುಪದ ಗ್ರಾಮಗಳಲ್ಲಿ ವ್ಯವಸಾಯಕ್ಕೂ ಕುಡಿಯುವ ನೀರಿಗೂ ಕೊಳವೆಬಾವಿಯೇ ಆಧಾರವಾಗಿರುತ್ತದೆ. ಕೊಳವೆಬಾವಿಗೆ ಸಾಮಗ್ರಿ ಖರೀದಿಸುವಾಗ ಪೈಪಿನ ಸಾಮರ್ಥ್ಯವನ್ನು ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಅಥವಾ ಮೆಗಾಪಾಸ್ಕಲ್‌ಗಳಲ್ಲಿಯೂ, ಪಂಪಿನ ಸಾಮರ್ಥ್ಯವನ್ನು ಮೀಟರುಗಳಲ್ಲಿಯೂ, ಕೊರೆಯುವ ಯಂತ್ರದ ಕಂಪ್ರೆಸರ್ ಒತ್ತಡವನ್ನು ಚದರ ಅಂಗುಲಕ್ಕೆ ಪೌಂಡುಗಳಲ್ಲಿಯೂ ನಮೂದಿಸಲಾಗಿರುತ್ತದೆ. ಇವುಗಳನ್ನು ಒಂದೇ ಅಳತೆಗೆ ತಂದು ಹೋಲಿಸದಿದ್ದಲ್ಲಿ ಪೈಪು ಒಡೆದು, ಪಂಪು ಬಾವಿಯೊಳಗೇ ಉಳಿದು, ರೈತನಿಗೆ ಅಪಾರ ನಷ್ಟ ಉಂಟಾಗುವ ಸಂಭವವಿರುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಒತ್ತಡ ಪ್ರವಣತೆ ಎಂದರೇನು?

ಒಂದು ಘನ ಮೀಟರ್ ದ್ರವದ ದ್ರವ್ಯರಾಶಿಯೇ ಅದರ ಸಾಂದ್ರತೆ. ನಿಂತ ದ್ರವದಲ್ಲಿ ಒಂದು ಮೀಟರ್ ಕೆಳಗಿಳಿದಾಗ ಒತ್ತಡವು ಎಷ್ಟು ಹೆಚ್ಚುವುದೋ ಅದಕ್ಕೆ ಒತ್ತಡ ಪ್ರವಣತೆ ಎಂದು ಹೆಸರು. ಸಾಂದ್ರತೆಯನ್ನು ಗುರುತ್ವ ವೇಗೋತ್ಕರ್ಷವಾದ 9.81ರಿಂದ ಗುಣಿಸಿದರೆ ಪ್ರತಿ ಮೀಟರಿಗೆ ಪಾಸ್ಕಲ್‌ಗಳಲ್ಲಿ ಪ್ರವಣತೆಯು ದೊರೆಯುತ್ತದೆ. ನೀರಿನ ಸಾಂದ್ರತೆ ಘನ ಮೀಟರಿಗೆ 1000 ಕಿಲೋಗ್ರಾಂ ಆದುದರಿಂದ ಅದರ ಪ್ರವಣತೆ ಮೀಟರಿಗೆ 9810 ಪಾಸ್ಕಲ್, ಅಂದರೆ 9.81 ಕಿಲೋಪಾಸ್ಕಲ್.

ಪರಿವರ್ತನೆಯ ಸೂತ್ರಗಳು

ನೀರಿನೊಡನೆ ಹೋಲಿಸಿದ ಸಾಪೇಕ್ಷ ಸಾಂದ್ರತೆಯನ್ನು (ನೀರಿಗೆ 1) ಬಳಸಿ,

1. 9.81ರಿಂದ ಗುಣಿಸಿದರೆ ಮೀಟರಿಗೆ ಕಿಲೋಪಾಸ್ಕಲ್.
2. 0.1ರಿಂದ ಗುಣಿಸಿದರೆ ಮೀಟರಿಗೆ, ಚದರ ಸೆಂಟಿಮೀಟರಿಗೆ ಕಿಲೋಗ್ರಾಂ.
3. 1.422ರಿಂದ ಗುಣಿಸಿದರೆ ಮೀಟರಿಗೆ, ಚದರ ಅಂಗುಲಕ್ಕೆ ಪೌಂಡು.
4. 0.433ರಿಂದ ಗುಣಿಸಿದರೆ ಅಡಿಗೆ, ಚದರ ಅಂಗುಲಕ್ಕೆ ಪೌಂಡು.

ಸಾಂದ್ರತೆಯನ್ನು ಗ್ಯಾಲನ್ನಿಗೆ ಇಷ್ಟು ಪೌಂಡು ಎಂದು ಕೊಟ್ಟಿದ್ದಲ್ಲಿ ಎಚ್ಚರಿಕೆ ಅಗತ್ಯ. ಕೊರೆಯುವಿಕೆಯ ಕೈಪಿಡಿಗಳಲ್ಲಿ ಕಂಡುಬರುವ 0.052 ಎಂಬ ಗುಣಕವು ಅಮೆರಿಕದ ಗ್ಯಾಲನ್ನಿಗೆ ಮಾತ್ರ ಅನ್ವಯಿಸುತ್ತದೆ. ಆ ಗ್ಯಾಲನ್ ನೀರು ಸುಮಾರು 8.34 ಪೌಂಡು ತೂಗಿದರೆ, ನಮ್ಮಲ್ಲಿ ಹಿಂದೆ ಬಳಕೆಯಲ್ಲಿದ್ದ ಬ್ರಿಟಿಷ್ ಗ್ಯಾಲನ್ ನೀರು ಸುಮಾರು 10 ಪೌಂಡು ತೂಗುತ್ತದೆ.

ಕೊಳವೆಬಾವಿಯ ಉದಾಹರಣೆ

200 ಮೀಟರ್ ಆಳದಲ್ಲಿ ಪಂಪು ಇಳಿಸಲಾಗಿದೆ ಎಂದು ಭಾವಿಸೋಣ. ಕಾಲಂ ಪೈಪಿನೊಳಗಿನ ನೀರಿನ ಸ್ತಂಭವು ಪಂಪಿನ ಬಳಿ 200 × 0.1 = 20 ಕಿಲೋಗ್ರಾಂ ಒತ್ತಡ ಉಂಟುಮಾಡುತ್ತದೆ. ಪಂಪು ನಡೆಯುವಾಗ ಬಾವಿಯ ನೀರು 150 ಮೀಟರಿನಲ್ಲಿದ್ದರೆ, ಪೈಪಿನ ಹೊರಗಿನ 50 ಮೀಟರ್ ನೀರು 5 ಕಿಲೋಗ್ರಾಂ ಒತ್ತಡದಿಂದ ಪೈಪಿಗೆ ಆಸರೆ ಕೊಡುತ್ತದೆ. ಪೈಪಿನ ಗೋಡೆಯು ತಡೆಯಬೇಕಾದುದು 15 ಕಿಲೋಗ್ರಾಂ ಮಾತ್ರ. ಬೇಸಿಗೆಯಲ್ಲಿ ನೀರು 190 ಮೀಟರಿಗೆ ಇಳಿದಾಗ ಈ ಆಸರೆ ಕುಗ್ಗಿ, ಅದೇ ಪೈಪು 19 ಕಿಲೋಗ್ರಾಂ ತಡೆಯಬೇಕಾಗುತ್ತದೆ. ಮಳೆಗಾಲದ ಮಟ್ಟವನ್ನು ನೋಡಿ ಆರಿಸಿದ ಪೈಪು ಬೇಸಿಗೆಯಲ್ಲಿ ಒಡೆಯಲು ಇದೂ ಒಂದು ಕಾರಣ.

ಆದ್ದರಿಂದ ಪಂಪಿನ ಪೂರ್ಣ ಆಳವನ್ನೇ ಆಧಾರವಾಗಿಟ್ಟುಕೊಳ್ಳುವುದು ಕ್ಷೇಮಕರ. ನೀರನ್ನು 15 ಮೀಟರ್ ಎತ್ತರದ ಮೇಲ್ತೊಟ್ಟಿಗೆ ಏರಿಸುವುದಾದರೆ ಇನ್ನೂ 1.5 ಕಿಲೋಗ್ರಾಂ ಸೇರಿ ಒಟ್ಟು 21.5 ಕಿಲೋಗ್ರಾಂ ಆಗುತ್ತದೆ. ಘರ್ಷಣೆ ಹಾಗೂ ಪಂಪು ಹಠಾತ್ತನೆ ನಿಂತಾಗಿನ ಹೊಡೆತಕ್ಕೆ ಪ್ರತ್ಯೇಕ ಅವಕಾಶವಿರಬೇಕು. ಮೇಲ್ಭಾಗದ ಪೈಪುಗಳಲ್ಲಿ ಒತ್ತಡ ಕಡಿಮೆಯಿದ್ದರೂ, ಕೆಳಗಿನ ಪೈಪು, ನೀರು ಮತ್ತು ಪಂಪಿನ ಭಾರವನ್ನು ಅವುಗಳೇ ಹೊರುವುದರಿಂದ ಅಲ್ಲಿಯೂ ದುರ್ಬಲ ಪೈಪು ಬಳಸತಕ್ಕದ್ದಲ್ಲ.

ಕೊರೆಯುವಾಗ

ಈ ಭಾಗದ ನೈಸ್, ಗ್ರಾನೈಟ್ ಮುಂತಾದ ಗಟ್ಟಿ ಶಿಲೆಗಳಲ್ಲಿ ಸಾಮಾನ್ಯವಾಗಿ ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಯಿಂದ ಕೊರೆಯಲಾಗುತ್ತದೆ. ಕೆಲಸ ನಿಲ್ಲಿಸಿದಾಗ ರಂಧ್ರದಲ್ಲಿ 100 ಮೀಟರ್ ನೀರು ತುಂಬಿದ್ದರೆ, ಅದನ್ನು ಮೇಲಕ್ಕೆ ತಳ್ಳುವುದಕ್ಕೇ ಚದರ ಅಂಗುಲಕ್ಕೆ 142 ಪೌಂಡು ಒತ್ತಡ ಬೇಕು. ಕಲ್ಲಿನ ಪುಡಿ ಬೆರೆತು ಸಾಪೇಕ್ಷ ಸಾಂದ್ರತೆ 1.1 ಆದಲ್ಲಿ ಇದು 156 ಪೌಂಡಿಗೆ ಏರುತ್ತದೆ. ಸುತ್ತಿಗೆಯ ಕೆಲಸಕ್ಕೆ ಬೇಕಾದ ಒತ್ತಡ ಇದಕ್ಕೆ ಹೊರತಾದುದು.

ಅಣೆಕಟ್ಟೆ ಮತ್ತು ಹೂಳು

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಒಟ್ಟು ಸಂಗ್ರಹ ಸಾಮರ್ಥ್ಯ 19.52 ಟಿ.ಎಂ.ಸಿ. ಆಗಿರುತ್ತದೆ. ಹಿನ್ನೀರು ಎಷ್ಟು ದೂರ ಹರಡಿದ್ದರೂ ಕಟ್ಟೆಯ ಮೇಲಿನ ನೀರಿನ ಒತ್ತಡವನ್ನು ನಿರ್ಧರಿಸುವುದು ಅಲ್ಲಿನ ಆಳವೇ ಹೊರತು ನೀರಿನ ವಿಸ್ತಾರವಲ್ಲ. ಭಾರವಾದ ಹೂಳು ಸೇರಿದಾಗ ಮಾತ್ರ ಪ್ರವಣತೆಯೇ ಬದಲಾಗುತ್ತದೆ. ಕಲ್ಲು ಮತ್ತು ಕಾಂಕ್ರೀಟಿನ ಭಾರಾಧಾರಿತ ಅಣೆಕಟ್ಟೆಗಳ ವಿನ್ಯಾಸಕ್ಕಾಗಿರುವ ಭಾರತೀಯ ಮಾನಕ ಐಎಸ್ 6512ರಲ್ಲಿ, ಹೂಳು ಮತ್ತು ನೀರಿನ ಅಡ್ಡ ಒತ್ತಡವನ್ನು ಘನ ಮೀಟರಿಗೆ 1360 ಕಿಲೋಗ್ರಾಂ ಸಾಂದ್ರತೆಯ ದ್ರವದ ಒತ್ತಡಕ್ಕೆ ಸಮನೆಂದು ಪರಿಗಣಿಸಲಾಗಿದೆ. ಇದರ ಪ್ರವಣತೆ ಮೀಟರಿಗೆ 13.34 ಕಿಲೋಪಾಸ್ಕಲ್. ಯಾವುದೇ ಕಟ್ಟೆಯ 30 ಮೀಟರ್ ಆಳದಲ್ಲಿ ಬರಿಯ ನೀರಿದ್ದರೆ ತಳದ ಒತ್ತಡ 294 ಕಿಲೋಪಾಸ್ಕಲ್. ಅದರಲ್ಲಿ ಕೆಳಗಿನ 5 ಮೀಟರ್ ಹೂಳು ತುಂಬಿದ್ದರೆ 312 ಕಿಲೋಪಾಸ್ಕಲ್.

ಗಮನಿಸಬೇಕಾದ ಅಂಶಗಳು

1. ಲೆಕ್ಕಕ್ಕೆ ಪೈಪಿನ ಉದ್ದವನ್ನಲ್ಲ, ಲಂಬವಾದ ಆಳ ಅಥವಾ ಎತ್ತರವನ್ನು ತೆಗೆದುಕೊಳ್ಳಬೇಕು.
2. ದಪ್ಪ ಪೈಪು ಹಾಕಿದ ಮಾತ್ರಕ್ಕೆ ನಿಂತ ನೀರಿನ ಒತ್ತಡ ಹೆಚ್ಚುವುದಿಲ್ಲ. ಹರಿಯುವಾಗಿನ ಘರ್ಷಣೆ ಮಾತ್ರ ಕಡಿಮೆಯಾಗುತ್ತದೆ.
3. ಒಂದು ಮೆಗಾಪಾಸ್ಕಲ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 10.2 ಕಿಲೋಗ್ರಾಂ.
4. ಪೈಪಿನ ಮೇಲೆ ಮುದ್ರಿತವಾಗಿರುವ ಒತ್ತಡದ ಅಂಕಿಯನ್ನೂ ಅದರ ಮಾನವನ್ನೂ ಓದಿದ ನಂತರವೇ ಖರೀದಿಸಬೇಕು.

ರೈತ ಬಾಂಧವರು, ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ನೀರು ಸರಬರಾಜು ಸಿಬ್ಬಂದಿಯವರು ಮೇಲ್ಕಂಡ ಲೆಕ್ಕವನ್ನು ಹಣ ಪಾವತಿಸುವ ಮುನ್ನವೇ ಮಾಡಿ, ಇದರ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.